ಕುಂಡಸ್ಥ ಸಸ್ಯಗಳ ದಿಕ್ಫಲ ಮೀಮಾಂಸೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳನ್ನು ಅನುಲಕ್ಷಿಸಿ

1. ಪೀಠಿಕೆ

ಮನೆಯೊಳಗೆ ಒಂದು ಗಿಡದ ಕುಂಡ ಇಡುವುದನ್ನು ಕನ್ನಡ ಸಂಶೋಧನಾ ಲೋಕ ಈವರೆಗೂ ಕುಂಡ ಇಡುವುದು ಎಂದಷ್ಟೇ ತಿಳಿದುಕೊಂಡು ಬಂದಿರುವುದು ಅತ್ಯಂತ ವಿಷಾದದ ಸಂಗತಿ. ವಾಸ್ತವದಲ್ಲಿ ಅದು ಗೃಹಾಂತರ್ಗತ ಸಸ್ಯಸಂಸ್ಥಾಪನೆಯ ಮುಖೇನ ಪ್ರಾಣಪ್ರವಾಹವನ್ನು ದಿಗ್ವಲಯಾನುಸಾರ ಪುನರ್ನಿರ್ದೇಶಿಸಿ, ಯಜಮಾನನ ಆರ್ಥಿಕ, ದಾಂಪತ್ಯಿಕ ಮತ್ತು ಔದ್ಯೋಗಿಕ ನೆಲೆಗಳನ್ನು ಪರಸ್ಪರ ಮುಖಾಮುಖಿಯಾಗಿಸುವ ಬಹುಸ್ತರೀಯ ಸಂಕಥನವಾಗಿದೆ. ಈ ವಾಕ್ಯ ಅರ್ಥವಾಗದವರು ಪ್ರಬಂಧವನ್ನು ಕೊನೆಯವರೆಗೂ ಓದತಕ್ಕದ್ದು. ಆಗಲೂ ಅರ್ಥವಾಗದಿದ್ದರೆ ದೋಷ ಓದುಗರು ಕುಳಿತ ದಿಕ್ಕಿನದೆಂದು ತಿಳಿಯತಕ್ಕದ್ದು. ಮುಂಜಾನೆಯ ಟಿವಿಯಲ್ಲಿ, ವಾರದ ಪುರವಣಿಯಲ್ಲಿ, ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕೇಳಿಬರುವ ಸಕಲ ಶಾಸ್ತ್ರಗಳ ಮೂಲಸೂತ್ರ ಇದೇ ಆದ್ದರಿಂದ ಪ್ರಸ್ತುತ ಲೇಖಕನೂ ಅದನ್ನು ತಲೆಬಾಗಿ ಒಪ್ಪಿಕೊಂಡಿದ್ದಾನೆ.

ಅಧ್ಯಯನದ ವ್ಯಾಪ್ತಿ ಬೆಳಗಾವಿ ಜಿಲ್ಲೆಯ ನಾಲ್ಕು ತಾಲೂಕುಗಳಿಗೆ ಸೀಮಿತ. ಸಹ್ಯಾದ್ರಿಯ ಸೆರಗಿಗೆ ಹತ್ತಿರವಾದ ಕಿತ್ತೂರು, ಹತ್ತಿ ಪೇಟೆಯ ಬೈಲಹೊಂಗಲ, ಎಲ್ಲಮ್ಮನ ಗುಡ್ಡ ಮತ್ತು ನವಿಲುತೀರ್ಥ ಅಣೆಕಟ್ಟಿನ ಸವದತ್ತಿ, ಮಲಪ್ರಭೆಯ ಕೆಳಹರಿವಿನ ರಾಮದುರ್ಗ. ಗೃಹಪ್ರವೇಶಕ್ಕೆ ಹಿಂದೆಲ್ಲ ಸ್ಟೀಲಿನ ಕೊಡ, ಗೋಡೆ ಗಡಿಯಾರ ಒಯ್ಯುತ್ತಿದ್ದ ಬೀಗರು ಈಗ ಗಾಜಿನ ಬಟ್ಟಲಿನಲ್ಲಿ ನಿಂತ ಬಿದಿರಿನ ಕಡ್ಡಿಗಳನ್ನು ಒಯ್ಯುತ್ತಾರೆ. ಫ್ಯಾನ್ಸಿ ಸ್ಟೋರಿನ ಅದೇ ಕಪಾಟಿನಲ್ಲಿ ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ. ಮನೆ ಕಟ್ಟಿಸುವವರು ಎಂಜಿನಿಯರಿಗೆ ಒಮ್ಮೆ, ಹಳೆಯ ವಾಸ್ತುವಿನವರಿಗೆ ಇನ್ನೊಮ್ಮೆ, ಹೊಸ ಫೆಂಗ್ ಶುಯಿಯವರಿಗೆ ಮತ್ತೊಮ್ಮೆ ಫೀ ಕೊಡುತ್ತಾರೆ. ಹೀಗಾಗಿ ಇಲ್ಲಿ ದತ್ತಾಂಶಕ್ಕೆ ಬರವಿಲ್ಲ. ಅಧ್ಯಯನದ ವಿಧಾನ ಸರಳವಾದದ್ದು: ಪಂಡಿತರು ಹೇಳುವುದನ್ನು ಅಕ್ಷರಶಃ ನಂಬುವುದು, ನಂಬಿ ಅದರ ಕೊನೆಯವರೆಗೆ ಹೋಗಿ ನೋಡುವುದು.

2. ಶಾಸ್ತ್ರಮೂಲ

ಚೀನಿಯರ ಸ್ಥಳಶಾಸ್ತ್ರವಾದ ಫೆಂಗ್ ಶುಯಿಯ ಆದಿಗ್ರಂಥಗಳಲ್ಲೊಂದು ‘ಸಮಾಧಿ ಗ್ರಂಥ’. ಕ್ರಿ.ಶ. 276ರಿಂದ 324ರವರೆಗೆ ಬದುಕಿದ ಗುವೊ ಪು ಎಂಬ ಚೀನಿ ಪಂಡಿತನ ಹೆಸರಿನಲ್ಲಿ ಅದು ಬಂದಿದೆ. ಸತ್ತವರನ್ನು ಎಲ್ಲಿ ಹೂಳಿದರೆ ಅವರ ಎಲುಬಿನ ಪುಣ್ಯ ಇದ್ದವರಿಗೆ ದಕ್ಕುತ್ತದೆ ಎಂಬುದು ಅದರ ವಿಷಯ. ಪ್ರಾಣಶಕ್ತಿಯನ್ನು ಗಾಳಿ ಚೆದುರಿಸುತ್ತದೆ, ನೀರು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಗಾಳಿಗೆ ಮರೆಯಾದ, ನೀರಿಗೆ ಹತ್ತಿರವಾದ ಜಾಗವೇ ಹೂಳಲು ಶ್ರೇಷ್ಠ. ಗೋರಿಗೆ ಹೇಳಿದ್ದು ಪಡಸಾಲೆಗೂ ಅನ್ವಯಿಸುತ್ತದೆಯೇ ಎಂದು ಯಾರೂ ಕೇಳಲಾರರು, ಏಕೆಂದರೆ ಫೀ ಮೊದಲೇ ಕೊಟ್ಟಾಗಿರುತ್ತದೆ. ಆದರೂ ಆ ಚಿಂತನೆಗೆ ಅದರ ನೆಲದಲ್ಲಿ ಅರ್ಥವಿತ್ತು ಎಂಬುದನ್ನು ಒಪ್ಪಬೇಕು. ಉತ್ತರ ಚೀನಾಕ್ಕೆ ಚಳಿಗಾಲದ ಕೊರೆಯುವ ಗಾಳಿ ಸೈಬೀರಿಯಾ, ಮಂಗೋಲಿಯಾದ ಕಡೆಯಿಂದ ಬರುತ್ತದೆ. ಅಂಥಲ್ಲಿ ಮನೆಯ ಬೆನ್ನಿಗೆ ಉತ್ತರದ ಗುಡ್ಡ, ಮುಖಕ್ಕೆ ದಕ್ಷಿಣದ ಬಿಸಿಲು ಇರಲಿ ಎಂದವನು ತಿಳಿವಳಿಕಸ್ಥ. ನಮಗೆ ಮಳೆಗಾಳಿ ಪಶ್ಚಿಮದಿಂದ ಬರುತ್ತದೆ. ಕಿತ್ತೂರಿನ ಗೋಡೆಗೆ ಮೊದಲು ಬಡಿಯುತ್ತದೆ, ಸವದತ್ತಿ ಮುಟ್ಟುವಷ್ಟರಲ್ಲಿ ಮೋಡ ಹಗುರಾಗಿರುತ್ತದೆ, ರಾಮದುರ್ಗದ ಪಾಲಿಗೆ ಬಹುಮಟ್ಟಿಗೆ ಗಾಳಿಯೇ ಉಳಿದಿರುತ್ತದೆ. ಮಂಗೋಲಿಯಾದ ಚಳಿಗೆ ಹೆದರಿ ರಾಮದುರ್ಗದಲ್ಲಿ ಉತ್ತರದ ಕಿಟಕಿ ಮುಚ್ಚಿಸುವ ಶಾಸ್ತ್ರಕ್ಕೆ ದೂರದೃಷ್ಟಿ ಇದೆ, ದೂರ ಎಷ್ಟೆಂಬ ಅಂದಾಜಿಲ್ಲ.

ಬಿಸಿಲಿನ ಲೆಕ್ಕವೂ ಹಾಗೆಯೇ. ಚೀನಾದ ಬಹುಭಾಗ ಕರ್ಕಾಟಕ ವೃತ್ತದ ಉತ್ತರಕ್ಕಿದೆ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಬೈಲಹೊಂಗಲ ಇರುವುದು ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ಆರಂಭದಿಂದ ಆಗಸ್ಟ್ ಆರಂಭದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಯ ಗಿಡಕ್ಕೆ ನೇರ ಬಿಸಿಲು ಬೀಳುವುದು ಚಳಿಗಾಲದಲ್ಲಿ, ಉತ್ತರದ ಕಿಟಕಿಯದಕ್ಕೆ ಬೇಸಿಗೆಯ ಕೊನೆಗೆ. ಯಾವ ದಿಕ್ಕಿಗೆ ಯಾವ ಗಿಡ ಎಂಬ ಪಟ್ಟಿ ಅಲ್ಲಿಂದ ಇಲ್ಲಿಗೆ ಬರುವಾಗ ಸೂರ್ಯನನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದಿದೆ.

ಇನ್ನು ಧನವಲಯ. ದಿಕ್ಸೂಚಿ ಹಿಡಿದು ನೋಡುವ ಪಂಥದ ಪ್ರಕಾರ ಸಂಪತ್ತಿನ ಮೂಲೆ ಆಗ್ನೇಯ. ಅದರ ಧಾತು ಕಟ್ಟಿಗೆ, ಆದ್ದರಿಂದ ಅಲ್ಲಿ ಗಿಡ ಇಡಬೇಕು. ಆದರೆ ತಾಮಸ್ ಲಿನ್ ಯುನ್ ಎಂಬವರು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಹರಡಿದ ‘ಕಪ್ಪು ಟೋಪಿ’ ಪಂಥಕ್ಕೆ ದಿಕ್ಸೂಚಿಯೇ ಬೇಡ. ಬಾಗಿಲಲ್ಲಿ ನಿಂತು ಒಳಗೆ ನೋಡಿದಾಗ ಎಡಗಡೆಯ ದೂರದ ಮೂಲೆ ಯಾವುದೋ ಅದೇ ಸಂಪತ್ತಿನದು. ನಮ್ಮ ಕಡೆ ಎಲ್ಲರೂ ಬಯಸುವ ಪೂರ್ವದ ಬಾಗಿಲಿನ ಮನೆಗೆ ಇದನ್ನು ಅನ್ವಯಿಸಿ ನೋಡಿ. ಒಳಗೆ ಬಂದವನ ಮುಖ ಪಶ್ಚಿಮಕ್ಕಿರುತ್ತದೆ, ಅವನ ಎಡದ ದೂರದ ಮೂಲೆ ನೈರುತ್ಯ. ಮನಿಪ್ಲಾಂಟ್ ಬಳ್ಳಿಯನ್ನು ಆಗ್ನೇಯದಲ್ಲಿಟ್ಟರೆ ಬರ್ಕ್ಲಿ ಮುನಿಯುತ್ತದೆ, ನೈರುತ್ಯದಲ್ಲಿಟ್ಟರೆ ಬೀಜಿಂಗ್. ಎರಡೂ ಪಂಥ ಒಂದೇ ಮೂಲೆಗೆ ಬಂದು ಕೂಡುವುದು ಬಾಗಿಲು ಉತ್ತರಕ್ಕಿದ್ದಾಗ ಮಾತ್ರ. ಅಷ್ಟರಲ್ಲಿ ನಮ್ಮ ವಾಸ್ತುವಿನವರು ಎದ್ದು ನಿಂತು, ಆಗ್ನೇಯ ಅಗ್ನಿಯ ಸ್ಥಾನ, ಅಲ್ಲಿ ಅಡುಗೆ ಒಲೆ ಇರಬೇಕು ಎನ್ನುತ್ತಾರೆ. ಮೂವರ ಮಾತನ್ನೂ ನಡೆಸಿದ ಮನೆಯಲ್ಲಿ ಮನಿಪ್ಲಾಂಟ್ ಗ್ಯಾಸ್ ಸಿಲಿಂಡರಿನ ಪಕ್ಕ ಬೇಯುತ್ತಿರುತ್ತದೆ. ಕಟ್ಟಿಗೆ ಬೆಂಕಿಯನ್ನು ಪೋಷಿಸುತ್ತದೆ ಎಂದು ಫೆಂಗ್ ಶುಯಿಯೂ ಹೇಳುವುದರಿಂದ ಒಂದೇ ಬಳ್ಳಿ ಒಂದು ಶಾಸ್ತ್ರದಲ್ಲಿ ಸಂಪತ್ತು, ಇನ್ನೊಂದರಲ್ಲಿ ಉರುವಲು. ಇದನ್ನು ಶಾಸ್ತ್ರಸಮನ್ವಯ ಎನ್ನಬಹುದು.

3. ಕುಂಡಸ್ಥ ಸಸ್ಯಗಳ ಅಷ್ಟವಿಧ ವರ್ಗೀಕರಣ

ಕುಂಡಸ್ಥ ಸಸ್ಯಗಳು ಎಂಟು ವಿಧ: ಧನಾಕರ್ಷಕ, ಭಾಗ್ಯವರ್ಧಕ, ವಾಯುಶೋಧಕ, ಕಂಟಕ, ದಾಂಪತ್ಯಪೋಷಕ, ವಿದ್ಯಾಪ್ರದ, ದೃಷ್ಟಿನಿವಾರಕ ಮತ್ತು ಸಂಕೀರ್ಣ. ಒಂದೊಂದನ್ನೂ ಲಕ್ಷಣ, ಸ್ಥಾನ, ಫಲ, ಅಪವಾದ ಎಂಬ ನಾಲ್ಕು ಉಪಭೇದಗಳಲ್ಲಿ ವಿವೇಚಿಸಿದರೆ ಮೂವತ್ತೆರಡು ಭೇದಗಳಾಗುತ್ತವೆ.

ಧನಾಕರ್ಷಕ ವರ್ಗದ ಅಧಿದೇವತೆ ಮನಿಪ್ಲಾಂಟ್. ಇದರ ತವರು ಶಾಂತಸಾಗರದ ಮೊರೆಯಾ ಎಂಬ ಪುಟ್ಟ ದ್ವೀಪ. ಸಸ್ಯಶಾಸ್ತ್ರಜ್ಞರು ಇದನ್ನು ವರ್ಣಿಸಿದ್ದು 1880ರಲ್ಲಿ. ಇದು ಹೂ ಬಿಡುವುದು ತೀರ ಅಪರೂಪ. ಲೋಕದ ತುಂಬ ಹಬ್ಬಿದ್ದೆಲ್ಲ ಬಳ್ಳಿಯ ತುಂಡಿನಿಂದಲೇ. ಎಂದರೆ ಕೋಟ್ಯಧಿಪತಿಯ ಹಾಲಿನಲ್ಲಿ ಇಳಿಬಿದ್ದದ್ದೂ, ಬೆಳೆಸಾಲದ ನೋಟೀಸು ಬಂದ ಮನೆಯ ಜಗಲಿಯಲ್ಲಿ ಬಾಡಿ ನಿಂತದ್ದೂ ತುಂಡಿನ ತುಂಡಿನ ತುಂಡು, ಬಹುಪಾಲು ಒಂದೇ ಬಳ್ಳಿ. ಒಂದೇ ಬಳ್ಳಿ ಇಬ್ಬರಿಗೆ ಎರಡು ಫಲ ಕೊಟ್ಟಿದ್ದರೆ ಫಲ ಕೊಟ್ಟದ್ದು ಬಳ್ಳಿಯಲ್ಲ ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ಬೈಲಹೊಂಗಲದ ನಿಜವಾದ ಧನವಲಯ ಎಪಿಎಂಸಿ ಅಂಗಳದಲ್ಲಿ ಹತ್ತಿಯ ದರ ಕೂಗುವ ಜಾಗದಲ್ಲಿದೆ, ಕಬ್ಬಿನ ಬಿಲ್ಲು ಬರುವ ತಾರೀಖಿನಲ್ಲಿದೆ, ನವಿಲುತೀರ್ಥದ ನೀರಿನ ಮಟ್ಟದಲ್ಲಿದೆ. ಅಲ್ಲಿ ಕುಂಡ ಇಡಲು ಯಾರೂ ಹೇಳುವುದಿಲ್ಲ.

ಭಾಗ್ಯವರ್ಧಕ ವರ್ಗದಲ್ಲಿ ‘ಅದೃಷ್ಟದ ಬಿದಿರು’ ಪ್ರಮುಖ. ಇದು ಬಿದಿರಲ್ಲ. ಆಫ್ರಿಕಾದ ಕ್ಯಾಮರೂನ್ ಸೀಮೆಯ ಡ್ರಸೀನಾ. ಜೇಡ್ ಗಿಡ ದಕ್ಷಿಣ ಆಫ್ರಿಕಾದ್ದು, ಹಾವಿನ ಚರ್ಮದಂತೆ ಪಟ್ಟೆಯ ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು, ಅರೆಕಾ ಪಾಮ್ ಮಡಗಾಸ್ಕರದ್ದು, ಪೀಸ್ ಲಿಲಿ ಅಮೆರಿಕದ ಉಷ್ಣವಲಯದ್ದು. ಜೀಜೀ ಪ್ಲಾಂಟನ್ನು ಡಚ್ಚರ ನರ್ಸರಿಗಳು ದೊಡ್ಡ ಪ್ರಮಾಣದಲ್ಲಿ ಮಾರಲು ತೊಡಗಿದ್ದೇ 1996ರ ಸುಮಾರಿಗೆ. ಸಾವಿರಾರು ವರ್ಷಗಳ ಚೀನಿ ಶಾಸ್ತ್ರ ಹೇಳಿದೆ ಎಂದು ನಮಗೆ ಮಾರುವ ಈ ಪಟ್ಟಿಯಲ್ಲಿ ಚೀನಾದ ಗಿಡ ಒಂದೂ ಇಲ್ಲ. ಮೆಣಸಿನಕಾಯಿಯೂ ಹೊರಗಿನದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಹೊರಗಿನದೇ. ಆದರೆ ಅದು ಬಂದು ನಮ್ಮ ಅಡುಗೆಯಾಯಿತು. ಯಾವ ಪಂಡಿತನೂ ಬ್ಯಾಡಗಿ ಮೆಣಸಿನಕಾಯಿಯನ್ನು ಋಷಿಗಳು ಇಂಥ ಮೂಲೆಯಲ್ಲಿ ತೂಗುಹಾಕಲು ಹೇಳಿದ್ದರೆಂದು ಮಾರಲಿಲ್ಲ. ನಮ್ಮಲ್ಲಿ ನಿಜವಾಗಿ ಚೀನಾದಿಂದ ಬಂದ ಗಿಡವೊಂದಿದೆ, ಶ್ಯಾವಂತಿಗೆ. ಅದು ದಸರೆ ದೀಪಾವಳಿಗೆ ಪೇಟೆಯಲ್ಲಿ ಮಾರಿನ ಲೆಕ್ಕದಲ್ಲಿ ಮಾರಾಟವಾಗಿ, ದೇವರಿಗೂ ಟ್ರ್ಯಾಕ್ಟರಿಗೂ ಏರಿ, ಮರುದಿನ ಬಾಡಿ ಹೋಗುತ್ತದೆ. ಅದಕ್ಕೆ ಯಾವ ವಲಯವೂ ಇಲ್ಲ. ಗಾಜಿನ ಬಟ್ಟಲಿನ ಬಿದಿರಿಗೆ ಇನ್ನೊಂದು ಫಲವೂ ಇದೆ, ಶಾಸ್ತ್ರದಲ್ಲಿ ಹೇಳಿಲ್ಲದ್ದು. ವಾರಗಟ್ಟಲೆ ಬದಲಾಯಿಸದ ಆ ತಿಳಿನೀರಿನಲ್ಲಿ ಡೆಂಗೀ ಹರಡುವ ಏಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಏಳರಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಬಂದು ಆ ನೀರನ್ನು ಬಚ್ಚಲಿಗೆ ಚೆಲ್ಲಿದಾಗ ಮನೆಯವರು ಭಾಗ್ಯವೇ ಹೋಯಿತೆಂದು ಮುಖ ಸಣ್ಣ ಮಾಡುವುದುಂಟು.

ವಾಯುಶೋಧಕ ವರ್ಗಕ್ಕೆ ವಿಜ್ಞಾನದ ಬೆಂಬಲ ಇದೆ, ನಾಸಾ ಹೇಳಿದೆ ಎಂಬುದು ಪಂಡಿತರ ಕೊನೆಯ ಬಾಣ. ನಾಸಾ ಹೇಳಿದ್ದೇನೋ ನಿಜ. 1989ರಲ್ಲಿ ಬಿ.ಸಿ. ವೊಲ್ವರ್ಟನ್ ಮುಂದಾಳುತನದಲ್ಲಿ ಗಾಳಿ ಆಡದ, ಬಿಗಿಯಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು ಪ್ರಯೋಗ ಮಾಡಿದರು. ಕೆಲವು ರಾಸಾಯನಿಕಗಳು ಕಡಿಮೆಯಾದವು. ಪ್ರಯೋಗದ ಕಣ್ಣು ಬಾಹ್ಯಾಕಾಶ ನೌಕೆಯ ಮೇಲಿತ್ತು. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ಸಾಮಾನ್ಯ ಕಟ್ಟಡದಲ್ಲಿ ಗಾಳಿ ತಾನಾಗಿ ಬಂದು ಹೋಗುವುದರಿಂದ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಅವರ ಲೆಕ್ಕ. ಹತ್ತಡಿ ಹತ್ತಡಿಯ ಕೋಣೆ ಸುಮಾರು ಒಂಬತ್ತು ಚದರ ಮೀಟರ್. ಕನಿಷ್ಠ ತೊಂಬತ್ತು ಕುಂಡ ಇಟ್ಟ ಮೇಲೆ ಮನುಷ್ಯರು ಅಂಗಳದಲ್ಲಿ ಮಲಗಬೇಕು, ಅಲ್ಲಿ ಗಾಳಿ ಹೇಗೂ ಚೆನ್ನಾಗಿರುತ್ತದೆ.

ನಾಲ್ಕನೆಯ ಕಂಟಕ ವರ್ಗ. ಮುಳ್ಳಿನ ಗಿಡದಿಂದ ‘ವಿಷಬಾಣ’ಗಳು ಹೊರಡುತ್ತವೆ, ಆದ್ದರಿಂದ ಅದು ಮನೆಯ ಹತ್ತಿರ ಕೂಡದು. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆ. ರಾಮನಿಗಾಗಿ ಕಾದು ಕುಳಿತು ಬಾರಿಹಣ್ಣು ಆರಿಸಿಟ್ಟ ಮುದುಕಿಯ ನೆನಪಿನ ಜಾಗ ಅದೆಂದು ಜನ ನಂಬಿದ್ದಾರೆ. ಬಾರಿಗಿಡ ಮೈತುಂಬ ಮುಳ್ಳು. ಶಬರಿಯನ್ನು ಕರೆದು, “ಯವ್ವಾ, ನಿನ್ನ ಗುಡಿಸಲ ಮುಂದ ಕಂಟಕದೋಷ ಐತಿ, ಗಿಡ ತಗಸು” ಎಂದು ಹೇಳುವ ಧೈರ್ಯ ಯಾವ ಪಂಡಿತನಿಗಿದೆ? ಉಳಿದ ನಾಲ್ಕು ವರ್ಗಗಳನ್ನು ವಿವೇಚಿಸುವ ಉತ್ಸಾಹ ಪ್ರಬಂಧಕಾರನಿಗೆ ಇಲ್ಲವಾದ್ದರಿಂದ ಮೂವತ್ತೆರಡು ಭೇದಗಳಲ್ಲಿ ಬಾಕಿ ಉಳಿದವನ್ನು ಓದುಗರೇ ತುಂಬಿಕೊಳ್ಳತಕ್ಕದ್ದು. ಅವೆಲ್ಲ ಹೀಗೆಯೇ ಇವೆ.

ದಿಕ್ಕು ಸರಿಯಾಗಿದ್ದರೆ ಮನೆತನ ಉದ್ಧಾರವಾಗುತ್ತದೆ ಎಂಬ ಮೂಲ ಪ್ರಮೇಯವನ್ನೇ ಪರೀಕ್ಷಿಸಬಹುದಾದ ಒಂದು ಪ್ರಯೋಗ ನಮ್ಮ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆಯೇ ನಡೆದುಹೋಗಿದೆ. ಕಿತ್ತೂರಿನ ಕೋಟೆಯೊಳಗಿನ ಅರಮನೆಯ ಅವಶೇಷದಲ್ಲಿ ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ಕೊಳವೆಯಂಥ ಕಿಂಡಿ ಇಂದಿಗೂ ಇದೆ. ಉತ್ತರ ದಿಕ್ಕನ್ನು ಇದಕ್ಕಿಂತ ಕರಾರುವಾಕ್ಕಾಗಿ ಹಿಡಿದ ಮನೆ ಈ ನಾಲ್ಕು ತಾಲೂಕಿನಲ್ಲಿ ಹುಡುಕಿದರೂ ಸಿಗದು. 1824ರ ಅಕ್ಟೋಬರ್ 23ರಂದು ಅದೇ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ರಾಣಿ ಚೆನ್ನಮ್ಮನ ಸೈನ್ಯ ಗೆದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಕೋಟೆ ಬಿದ್ದಿತು. ಆ ನಡುವೆ ಅರಮನೆ ತಿರುಗಿ ಕೂತಿರಲಿಲ್ಲ, ಧ್ರುವನೂ ಜಾಗ ಬಿಟ್ಟು ಕದಲಿರಲಿಲ್ಲ. ಬದಲಾದದ್ದು ಈಸ್ಟ್ ಇಂಡಿಯಾ ಕಂಪನಿಯವರು ಬೇರೆ ಬೇರೆ ಕಡೆಯಿಂದ ತಂದು ಕೂಡಿಸಿದ ದಂಡು ಮತ್ತು ತೋಪು. ಜನರ ನೆನಪಿನ ಪ್ರಕಾರ ಒಳಗಿನವರ ದ್ರೋಹ. ಒಂದೇ ಮನೆ, ಒಂದೇ ದಿಕ್ಕು, ಸುಮಾರು ಆರು ವಾರದಲ್ಲಿ ಒಂದು ಗೆಲುವು ಒಂದು ಸೋಲು. ಸೋಲಿಗೂ ಗೆಲುವಿಗೂ ಕಾರಣ ಮನುಷ್ಯರ ಕೆಲಸದಲ್ಲಿತ್ತು ಎನ್ನಲು ಇದಕ್ಕಿಂತ ಸ್ವಚ್ಛವಾದ ಸಾಕ್ಷ್ಯ ಬೇಕಿಲ್ಲ. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ರಾಣಿಗೆ ಕೋಣೆಯ ಯಾವ ಮೂಲೆಯಲ್ಲಿ ಏನಿತ್ತು ಎಂದು ಲೆಕ್ಕ ಹಾಕಿ ಹೇಳುವ ಪಂಡಿತ ಇಂದು ಹುಟ್ಟಿಕೊಂಡರೂ ಆಶ್ಚರ್ಯವಿಲ್ಲ.

ಜಲಧಾತುವಿನ ಸಾಕ್ಷ್ಯ ಇನ್ನೂ ಹತ್ತಿರದ್ದು. ಮನೆಯ ಕಡೆಗೆ ಹರಿದು ಬರುವ ನೀರು ಸಂಪತ್ತು ತರುತ್ತದೆ ಎಂದು ಶಾಸ್ತ್ರ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ ಕಡೆಗೆ ಹರಿದು ಬಂತು. ಮನೆ, ಹೊಲ, ಮಗ್ಗ ಎಲ್ಲ ನೀರಿನಡಿ ಹೋದವು. ಅಣೆಕಟ್ಟು ತುಂಬಿದಾಗ ಬಿಡುವ ನೀರನ್ನು ಹೊತ್ತು ಸಾಗಬೇಕಾದ ನದಿಯ ಪಾತ್ರವನ್ನು ಕೆಳಗೆ ಎರಡೂ ದಂಡೆಯಲ್ಲಿ ಒತ್ತಿ ಹೊಲ ಮಾಡಿಕೊಂಡಿದ್ದರು. ಉಳಿದಲ್ಲಿ ಹೂಳು ಮತ್ತು ಆಪು ತುಂಬಿತ್ತು. ಹೊಳೆಗೆ ತನ್ನ ದಾರಿ ಗೊತ್ತಿತ್ತು, ನಾವು ಅದನ್ನು ಮರೆತಿದ್ದೆವು. ಸ್ಥಳದ ಬಗ್ಗೆ ಶಾಸ್ತ್ರವೊಂದು ನಮಗೆ ನಿಜವಾಗಿ ಬೇಕಿತ್ತಾದರೆ ಅದು ಇಲ್ಲಿ: ಯಾವ ಮಟ್ಟದ ಕೆಳಗೆ ಮನೆ ಕಟ್ಟಬಾರದು, ಹಳ್ಳದ ಯಾವ ಹಾದಿ ಮುಚ್ಚಬಾರದು, ಯಾವ ಪ್ಲಾಟಿಗೆ ಎನ್‌ಎ (ಕೃಷಿಯೇತರ) ಪರವಾನಗಿ ಕೊಡಬಾರದು. ಇವನ್ನು ಹೇಳುವವರಿಗೆ ಯಾರೂ ಫೀ ಕೊಡುವುದಿಲ್ಲ. ಆಗ್ನೇಯಕ್ಕೆ ಕುಂಡ ಸರಿಸಲು ಹೇಳಿದವರಿಗೆ ಶಾಲು ಹೊದಿಸಿ ಕಳಿಸುತ್ತೇವೆ.

ಇಲ್ಲಿ ಆಕ್ಷೇಪಗಳನ್ನು ಎತ್ತಿಕೊಳ್ಳಬೇಕು. ಮೊದಲನೆಯದು, “ಅಲ್ರೀ, ಗಿಡ ಇಟ್ರ ನಿಮ್ಮ ಗಂಟೇನು ಹೋಗತೈತಿ? ಮನಸ್ಸಿಗೆ ತಂಪಲ್ಲ?” ತಂಪೇ. ಹಸಿರು ಕಂಡರೆ ಮನಸ್ಸು ಅರಳುತ್ತದೆ ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಗಿಡದ ಪರವಾಗಿ. ಗಿಡಕ್ಕೆ ಬೇಕಾದದ್ದು ಬೆಳಕು, ಹದವಾದ ನೀರು, ಬೇರಿಗೆ ಗಾಳಿ. ಹಗಲು ದೀಪ ಹಾಕದೆ ಪೇಪರ್ ಓದಲು ಬರುವಷ್ಟು ಬೆಳಕಿರುವ ಜಾಗದಲ್ಲಿ ಮನಿಪ್ಲಾಂಟ್ ಬದುಕುತ್ತದೆ. ತಿಜೋರಿಯ ಪಕ್ಕದ ಕತ್ತಲ ಮೂಲೆಯಲ್ಲಿ ಎಲೆ ಹಳದಿಯಾಗಿ ಸಾಯುತ್ತದೆ, ಸತ್ತಾಗ ಮನೆಯವರಿಗೆ ಅಪಶಕುನದ ಹೆದರಿಕೆ ಬೇರೆ. ನಮ್ಮ ಹಿರಿಯರು ಮನೆಯೊಳಗೆ ಗಿಡ ಇಡದೇ ಇದ್ದದ್ದಕ್ಕೆ ಕಾರಣ ಇದೇ. ಬಿಸಿಲು ತಡೆಯಲು ದಪ್ಪ ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಅಂಥ ಮನೆಯಲ್ಲಿ ಗಿಡದ ಜಾಗ ಹಿತ್ತಲು. ಅಲ್ಲಿ ಅದರ ಸ್ಥಾನ ನಿರ್ಣಯಿಸುತ್ತಿದ್ದದ್ದು ಬಚ್ಚಲ ನೀರು. ಮೋರಿಯ ಬಾಯಿಗೆ ಬಾಳೆ, ಮಿಂದ ನೀರೆಲ್ಲ ಅದರ ಬುಡಕ್ಕೆ. ಪಾತ್ರೆ ತೊಳೆದ ನೀರು ಹರಿಯುವಲ್ಲಿ ಕೆಸವು. ನೀರು ಅಪರೂಪಕ್ಕೆ ಮುಟ್ಟುವ ಬೇಲಿಯಂಚಿಗೆ ನುಗ್ಗೆ. ಅಡುಗೆಮನೆಯ ಹಿಂಬಾಗಿಲಿಂದ ಕೈ ಚಾಚಿದರೆ ಸಿಗುವಲ್ಲಿ ಕರಿಬೇವು. ಸೊಸೆ ಒಗ್ಗರಣೆ ಹಾಕಿ ಬಂದು ಎರಡು ಎಸಳು ಮುರಿದುಕೊಂಡು ಹೋಗುವಷ್ಟರಲ್ಲಿ ಸಾಸಿವೆ ಸಿಡಿದಿರಬೇಕು, ಅಷ್ಟೇ ದೂರ. ಇದನ್ನು ಬಚ್ಚಲ-ಸಿದ್ಧಾಂತ ಎಂದು ಕರೆದು ಪಿಎಚ್‌ಡಿ ಮಾಡಬಹುದಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಾಗಲಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಚೀನಿಯರದಕ್ಕೆ ನಗುವ ನೀವು ನಮ್ಮ ತುಳಸಿಕಟ್ಟೆಗೆ ಏನು ಹೇಳುತ್ತೀರಿ, ಹುಣಸೆ ಗಿಡದ ದೆವ್ವಕ್ಕೆ ಏನು ಹೇಳುತ್ತೀರಿ? ನಮ್ಮದು ಎಂಬ ಮಾತ್ರಕ್ಕೆ ನಂಬಿಕೆ ಒಳ್ಳೆಯದಾಗುವುದಿಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ದೇವದಾಸಿ ಬಿಡುವುದನ್ನು ತಡೆಯಲು 1982ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಹನ್ನೆರಡನೆಯ ಶತಮಾನದ ಶರಣರು ತಿಥಿ, ವಾರ, ನಕ್ಷತ್ರಗಳನ್ನು ಒಲ್ಲೆ ಎಂದವರು. ಕಲ್ಯಾಣ ಬಿಟ್ಟು ಉಳವಿಯ ಕಡೆ ಹೊರಟಾಗ ಇದೇ ಕಾದರವಳ್ಳಿ, ಮುಗುಟಖಾನ ಹುಬ್ಬಳ್ಳಿಯ ಹಾದಿಯಲ್ಲಿ ನಡೆದರೆಂದು ಈ ಸೀಮೆ ನಂಬಿದೆ. ಆದ್ದರಿಂದ ಸ್ವದೇಶಿ ವಾಸ್ತುವಿಗೂ ಇಲ್ಲಿ ರಿಯಾಯಿತಿ ಇಲ್ಲ. ಆದರೂ ಹಳೆಯ ಗ್ರಂಥ ತೆರೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಮನೆಯ ಹತ್ತಿರದ ಮುಳ್ಳಿನ ಮರದಿಂದ ಶತ್ರುಭಯ, ಹಾಲು ಸುರಿಸುವ ಮರದಿಂದ ಧನನಾಶ ಎಂದು ಪಟ್ಟಿ ಕೊಡುತ್ತಾನೆ. ಅಲ್ಲಿಗೇ ನಿಲ್ಲುವುದಿಲ್ಲ, ಅವನ್ನು ಕಡಿಯಲು ಮನಸ್ಸಾಗದಿದ್ದರೆ ನಡುವೆ ಅಶೋಕ, ಬಕುಲ, ಹಲಸು, ಬನ್ನಿಯಂಥ ಒಳ್ಳೆಯ ಮರಗಳನ್ನು ನೆಡಿ ಎಂದು ಪರಿಹಾರ ಹೇಳುತ್ತಾನೆ. ದೋಷದ ಮರಕ್ಕೆ ಪರಿಹಾರ ಇನ್ನೊಂದು ಮರ. ಬನ್ನಿಗೂ ಮುಳ್ಳಿದೆ ಎಂಬುದನ್ನು ಆತ ಲೆಕ್ಕಕ್ಕೆ ಹಿಡಿದಂತಿಲ್ಲ. ಅದೇ ಗ್ರಂಥದಲ್ಲಿ, ಮುಂದೆ 11ನೆಯ ಶತಮಾನದ ಕನ್ನಡದ ‘ಲೋಕೋಪಕಾರ’ದಲ್ಲಿ ಚಾವುಂಡರಾಯ ಹೇಳುವಲ್ಲಿಯೂ, ಯಾವ ಗಿಡ ಇದ್ದಲ್ಲಿ ನೆಲದಡಿ ನೀರಿದೆ ಎಂಬ ವಿಚಾರ ಬರುತ್ತದೆ. ಅವರ ಊಹೆಗಳೆಲ್ಲ ಸರಿಯಿರಲಿಕ್ಕಿಲ್ಲ, ಆದರೆ ಗಿಡ ನಿಂತ ಜಾಗವನ್ನು ನೋಡಿ ಮನುಷ್ಯ ಕಲಿಯಬೇಕೆಂಬ ವಿನಯ ಅಲ್ಲಿತ್ತು. ಅವರು ಹೇಳಿದ ಮರಗಳಲ್ಲಿ ಒಂದೂ ಕುಂಡದಲ್ಲಿ ಹಿಡಿಸುವುದಿಲ್ಲ.

ಇಂದಿನ ವಾಸ್ತುವಿನವರು ವರಾಹಮಿಹಿರನ ಆ ಮಾತಿನ ಮೊದಲರ್ಧ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಈಶಾನ್ಯದಲ್ಲಿ ದೊಡ್ಡ ಗಿಡ ಭಾರ, ತೆಗೆಸಿ. ಬಾಗಿಲಿಗೆ ಎದುರಾದ ಬೇವು ವೇಧೆ, ತೆಗೆಸಿ. ಅಜ್ಜ ನೆಟ್ಟದ್ದು, ಮೂರು ತಲೆಮಾರಿಗೆ ನೆರಳು ಕೊಟ್ಟದ್ದು, ಯುಗಾದಿಗೆ ಓಣಿಯೆಲ್ಲ ಹೂವು ಒಯ್ದದ್ದು, ಪಂಚಮಿಗೆ ಓಣಿಯ ಹುಡುಗಿಯರೆಲ್ಲ ಜೋಕಾಲಿ ಕಟ್ಟಿದ್ದು. ಒಂದು ಮುಂಜಾನೆ ಕೊಯ್ಯುವ ಮಷಿನ್ನು ಬಂದು ಮಧ್ಯಾಹ್ನದೊಳಗೆ ಟ್ರಾಲಿಗೆ ತುಂಬಿ ಹೋಗುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಕಾಯ್ದೆಗೆ ದಿಕ್ಕು ತೋರಿಸುವವರಿಲ್ಲ. ಮರ ಹೋದ ಜಾಗಕ್ಕೆ ಗೋಡೆಯಿಂದ ಗೋಡೆಗೆ ಪೇವರ್ ಹಾಕುತ್ತಾರೆ, ಒಂದು ಹನಿ ಇಂಗದಂತೆ. ಆಮೇಲೆ ಮನೆ ಕಾದ ಹಂಚಾಗುತ್ತದೆ, ಏಸಿ ಬರುತ್ತದೆ, ಏಸಿಯ ಕೆಳಗೆ ಆಗ್ನೇಯದಲ್ಲಿ ಒಂದು ಅಡಿ ಎತ್ತರದ ಗಿಡ ತಂದು ಇಟ್ಟು ಪ್ರಕೃತಿಯ ಸಾಮೀಪ್ಯ ಎನ್ನುತ್ತಾರೆ. ಇದನ್ನು ಅಣಕಿಸುವುದು ಕಷ್ಟ, ಅದು ತಾನೇ ಅಣಕವಾಗಿದೆ. ಜೀವಂತ ಬೇವನ್ನು ದಿಕ್ಕಿನ ಹೆಸರಿನಲ್ಲಿ ಕೊಂದವರಿಗೆ ಕಡ್ಡಿ ಬಿದಿರಿನಿಂದ ಭಾಗ್ಯ ಬರುತ್ತದೆ ಎಂದು ಹೇಳಿ ದುಡ್ಡು ಎಣಿಸಿಕೊಳ್ಳುವುದು ವಿದ್ಯೆಯಲ್ಲ, ವಂಚನೆ.

ಸಂಪತ್ತಿನ ಗಿಡ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ವಿಜಯದಶಮಿಯ ಸಂಜೆ ಈ ನಾಲ್ಕೂ ತಾಲೂಕುಗಳ ಊರೂರಲ್ಲಿ ಜನ ಬನ್ನಿ ಮುಡಿದು ಬಂದು ಆ ಎಲೆಯನ್ನು ಬಂಗಾರವೆಂದು ಕೊಡುತ್ತಾರೆ. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎನ್ನುತ್ತಾರೆ. ಕಿರಿಯರು ಹಿರಿಯರಿಗೆ ಕೊಟ್ಟು ಕಾಲು ಮುಟ್ಟುತ್ತಾರೆ, ವರ್ಷವಿಡೀ ಮಾತು ಬಿಟ್ಟವರು ಅಂದು ಎಲೆ ಕೊಟ್ಟು ಮಾತಾಡಿಸುತ್ತಾರೆ. ಆ ಎಲೆ ಬಂಗಾರವಾಗುವುದು ಇನ್ನೊಬ್ಬರ ಕೈಗೆ ದಾಟಿದಾಗ. ಮನಿಪ್ಲಾಂಟಿನ ನಿಯಮ ಇದರ ಉಲ್ಟಾ. ಕೊಂಡು ತಂದರೆ, ಕೇಳಿ ತಂದರೆ ಅದಕ್ಕೆ ಶಕ್ತಿಯಿಲ್ಲವಂತೆ. ಇನ್ನೊಬ್ಬರ ಮನೆಯಿಂದ ಕದ್ದು ತಂದರೇ ದುಡ್ಡು ಬರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಹಬ್ಬಿದೆ. ಒಂದು ಗಿಡದ ಶಾಸ್ತ್ರ ಕೊಡುವುದರ ಮೇಲೆ ನಿಂತಿದೆ, ಇನ್ನೊಂದರದು ಕದಿಯುವುದರ ಮೇಲೆ. ಈ ಪ್ರಬಂಧ ಇಷ್ಟು ಉದ್ದಕ್ಕೆ ಹೇಳಲು ಹೊರಟದ್ದು ಇದನ್ನೇ: ಮೂಲೆಯ ಕುಂಡದ ಶಾಸ್ತ್ರ ಗಿಡವನ್ನು ಒಬ್ಬನೇ ಯಜಮಾನನ ಲಾಭದ ಸಾಧನವಾಗಿ ಕುಗ್ಗಿಸುತ್ತದೆ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಮೇಲಿನ ಆಲ ಯಾವ ದಿಕ್ಕಿಗಿದೆ ಎಂದು ಅಲ್ಲಿ ತೊಟ್ಟಿಲು ಕಟ್ಟುವ ತಾಯಂದಿರು ಕೇಳುವುದಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋಗುವವರು ಚಕ್ಕಡಿ ಕೊಳ್ಳ ಹರಿದು, ಮೂರು ಕಲ್ಲು ಹೂಡಿ, ಹೋಳಿಗೆ ಮಾಡಿ ಪಡಲಗಿ ತುಂಬಿಸುವಾಗ ಹುಡುಕುವುದು ನೆರಳನ್ನು. ನೆರಳು ಯಾರ ಹೊಲದ ಗಿಡದ್ದೆಂದು ಕೇಳುವ ರೂಢಿ ಇಲ್ಲ.

ಶಾಸ್ತ್ರಗ್ರಂಥಕ್ಕೆ ಕೊನೆಯಲ್ಲಿ ಫಲಶ್ರುತಿ ಬೇಕು. ಇಲ್ಲಿ ವಿಧಿಸುವ ಸಸ್ಯಸ್ಥಾಪನೆ ಒಂದೇ. ಮೇ ತಿಂಗಳಲ್ಲಿ ಕಂಪೌಂಡಿನ ಹೊರಗೆ, ರಸ್ತೆಯ ಅಂಚಿಗೆ, ಮೇಲೆ ವಿದ್ಯುತ್ ತಂತಿ ಇಲ್ಲದ ಕಡೆ ಮೊಳಕಾಲುದ್ದ ಗುಂಡಿ ತೆಗೆಯಿರಿ. ಮೊದಲ ಮುಂಗಾರು ಬಿದ್ದ ಮೇಲೆ ಒಂದು ಬೇವನ್ನೋ ಹೊಂಗೆಯನ್ನೋ ನೆಡಿ. ಆಡು ತಿನ್ನದಂತೆ ಸುತ್ತ ಮುಳ್ಳು ಕಟ್ಟಿ, ಕಂಟಕದೋಷ ತಟ್ಟುವುದಿಲ್ಲ. ಎರಡು ಬೇಸಿಗೆ ನೀರು ಹಾಕಿ. ಪುರಸಭೆಯವರು ಬುಡಕ್ಕೆ ಸಿಮೆಂಟು ಸುರಿಯಲು ಬಂದರೆ ಜಗಳಾಡಿ, ರಸ್ತೆ ಅಗಲಿಸಲು ಬಂದರೆ ಕಾಯ್ದೆಯ ಹೆಸರು ಹೇಳಿ ಅರ್ಜಿ ಕೊಡಿ. ದಿಕ್ಕು ಯಾವುದಾದರೂ ಆಗಬಹುದು. ಹತ್ತು ಹದಿನೈದು ವರ್ಷಗಳಲ್ಲಿ ಅದರ ಫಲ ಕಾಣುತ್ತದೆ: ಬಿಸಿಲಿಗೆ ಬುಟ್ಟಿ ಇಳಿಸಿ ಕೂತ ಕಾಯಿಪಲ್ಯೆಯವಳಿಗೆ, ಬಸ್ಸಿಗೆ ಕಾಯುವ ಹುಡುಗರಿಗೆ, ಎದುರು ಮನೆಯ ಪಶ್ಚಿಮದ ಗೋಡೆಗೆ. ನೆಟ್ಟವನಿಗೆ ವಿಶೇಷವಾಗಿ ಏನೂ ಬರುವುದಿಲ್ಲ. ಈ ವಿಧಿಯನ್ನು ಯಾವ ಪಂಡಿತನೂ ಮಾರದೇ ಇರುವುದಕ್ಕೆ ಅದೊಂದೇ ಕಾರಣ.